ಮೇಲಕ್ಕೆ ಹೋಗದ ಮದ್ದು

ಅವಳ ನಿಜವಾದ ಹೆಸರು ಬೆಟ್ಟದ ಕೆಳಗಿನವರ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಲಾಂಡ್ರಿಯ ಮೇಸ್ತ್ರಿ ಹೆಸರು ಕೇಳಿ, ಮತ್ತೆ ಕೇಳಿ, ಕೊನೆಗೆ ಕೈ ಬೀಸಿ, "ಬೆಟ್ಟದಿಂದ ಬಂದವಳು ತಾನೇ? ಬೆಟ್ಟಮ್ಮ ಅಂತಿಟ್ಕೊ" ಅಂದ. ಅವಳು ಹೂಂ ಅಂದಳು. ಹೆಸರಿಗಿಂತ ಕೆಲಸ ಮುಖ್ಯವಾಗಿತ್ತು.

ಆ ಆಸ್ಪತ್ರೆ ಕ್ಯಾನ್ಸರಿಗೆಂದೇ ಕಟ್ಟಿದ್ದು. ಮುಂದುಗಡೆ ಗಾಜು, ಒಳಗೆ ಮುಖ ಕಾಣುವಂಥ ನೆಲ. ಲಾಂಡ್ರಿ ಮಾತ್ರ ನೆಲಮಾಳಿಗೆಯಲ್ಲಿ. ವಾರ್ಡುಗಳ ಬಟ್ಟೆಗಂಟುಗಳು ಗೋಡೆಯೊಳಗಿನ ಕೊಳವೆಯಲ್ಲಿ ಜಾರಿ ದಬಕ್ಕನೆ ಬಂದು ಬೀಳುತ್ತಿದ್ದವು. ಬಿಚ್ಚಿ ಬೇರೆ ಮಾಡುವುದು ಬೆಟ್ಟಮ್ಮನ ಪಾಲಿನ ಕೆಲಸ. ರಕ್ತದ್ದು ಒಂದು ರಾಶಿ, ಕೀವಿನದು ಒಂದು, ಹೇಲು ಉಚ್ಚೆಯದು ಮತ್ತೊಂದು. ರಕ್ತದ ಬಟ್ಟೆಯನ್ನು ತಣ್ಣೀರಲ್ಲಿ ನೆನೆಸಿ ಕೈಯಲ್ಲಿ ತಿಕ್ಕಬೇಕು. ನೇರವಾಗಿ ಮಷೀನಿಗೆ ಹಾಕಿದರೆ ಕಲೆ ಬೆಂದು ಕೂತುಬಿಡುತ್ತದೆ. ಕೊಟ್ಟ ಕೈಗವಸು ಬೇಗ ತೂತಾಗುತ್ತಿತ್ತು, ಹೊಸದು ಬೇಗ ಬರುತ್ತಿರಲಿಲ್ಲ. ಬ್ಲೀಚಿಂಗ್ ನೀರು ತಿಂದು ಅವಳ ಬೆರಳ ಸಂದಿ ಬೆಳ್ಳಗೆ ಸುಲಿದಿತ್ತು. ಊಟಕ್ಕೆ ಕೂತರೆ ಉರಿಯುತ್ತಿತ್ತು. ಆಮೇಲಾಮೇಲೆ ಉರಿಯೂ ತಿಳಿಯದಂತಾಯಿತು.

ಇದಲ್ಲದೆ ಅವಳಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಸಂಬಳವಿರಲಿಲ್ಲ. ಬೆಟ್ಟದ ಹೆಂಗಸರು ಆಸ್ಪತ್ರೆಗೆ ಬಂದರೆ ಅವರ ಮಾತು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲಿನಿಂದ ಲಾಂಡ್ರಿಗೆ ಫೋನು ಬರುತ್ತಿತ್ತು. "ಬೆಟ್ಟಮ್ಮನ್ನ ಕಳ್ಸಿ." ಅವಳು ಕೈ ಒರೆಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಲಿಫ್ಟ್ ಹತ್ತುವ ಹಾಗಿರಲಿಲ್ಲ, ಮೈಯೆಲ್ಲ ಬ್ಲೀಚಿಂಗ್ ನಾತ ಅಂತ. ಡಾಕ್ಟರ ಕೋಣೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಕೂತ್ಕೊ ಅಂತ ಯಾರೂ ಅಂದವರಲ್ಲ. ಡಾಕ್ಟರು ಅಂದದ್ದನ್ನು ಅವರಿಗೆ ಹೇಳಬೇಕು, ಅವರು ಅಂದದ್ದನ್ನು ಡಾಕ್ಟರಿಗೆ. ಬಟ್ಟೆ ಬಿಚ್ಚು. ಕೈ ಎತ್ತು. ಯಾಕೆ ಇಷ್ಟು ತಡ ಮಾಡಿದೆ? ತೆಗೀಬೇಕು. ತೆಗೆದ್ರೂ ಪ್ರಯೋಜನ ಇಲ್ಲ. ಹೇಳಿ ಮುಗಿದ ಮೇಲೆ ಕೆಳಗೆ ಬಂದರೆ ಅವಳ ಪಾಲಿನ ರಾಶಿ ಹಾಗೇ ಬಿದ್ದಿರುತ್ತಿತ್ತು. ಅದನ್ನು ಮುಗಿಸದೆ ಮನೆಗೆ ಹೋಗುವಂತಿಲ್ಲ.

ಬೆಟ್ಟದ ಮಾತಿನಲ್ಲಿ ಕ್ಯಾನ್ಸರಿಗೆ ಪದವಿಲ್ಲ. ಅವಳು 'ಕೆಟ್ಟ ಗಂಟು' ಅನ್ನುತ್ತಿದ್ದಳು. ಮೊದಮೊದಲು ಆ ಮಾತು ಹೇಳಿ ಕೆಳಗಿಳಿದು, ಮಷೀನಿನ ಹಿಂದೆ ನಿಂತು ಅಳುತ್ತಿದ್ದಳು. ಬರಬರುತ್ತಾ ಅಳು ಬತ್ತಿತು. ಎಷ್ಟೋ ಹೆಂಗಸರಿಗೆ ನೀನು ಸಾಯುತ್ತೀಯ ಅಂತ ಹೇಳಿದ ಬಾಯಿ ಅದು. ಹೇಳಿ, ಇಳಿದು, ಬಟ್ಟೆ ತಿಕ್ಕುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಹಾಗೇ ಫೋನು ಬಂತು. ಮೇಲೆ ಹೋದರೆ ಬೆಂಚಿನ ಮೇಲೆ ಕೂತಿದ್ದವಳು ಅವಳ ಅಕ್ಕ.

ಪಕ್ಕದಲ್ಲಿ ಊರಿನ ಸೂಲಗಿತ್ತಿ ಇದ್ದಳು. ಬೆಟ್ಟದ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದವಳು, ಎಲ್ಲರಿಗೂ ದೊಡ್ಡಮ್ಮ. ಅದಿರಿನ ಲಾರಿಯಲ್ಲಿ ಅಕ್ಕನನ್ನು ಕೂರಿಸಿಕೊಂಡು ಬಂದಿದ್ದಳು. ಅವರಿಬ್ಬರನ್ನು ಬಿಟ್ಟರೆ ಬೆಂಚು ಪೂರ ಖಾಲಿ. ಉಳಿದವರೆಲ್ಲ ಆಚೆ ಗೋಡೆಗೆ ಹೋಗಿ ನಿಂತಿದ್ದರು, ಮೂಗಿಗೆ ಬಟ್ಟೆ ಹಿಡಿದುಕೊಂಡು.

"ಏನಕ್ಕಾ ಇದು?"

"ನೋಡು, ನನಗೋಸ್ಕರ ಬೆಂಚೇ ಬಿಟ್ಕೊಟ್ಟವರೆ," ಅಂದಳು ಅಕ್ಕ. "ಜೀವಮಾನದಲ್ಲಿ ಇಷ್ಟು ಮರ್ಯಾದೆ ಕಂಡಿರ್ಲಿಲ್ಲ."

ಅಕ್ಕ ರಸ್ತೆಗೆ ಜಲ್ಲಿ ಒಡೆಯುವವಳು. ಬೆಟ್ಟ ಅಗೆದು ತುಂಬಿಕೊಂಡು ಹೋಗುವ ಲಾರಿಗಳಿಗಾಗಿ ಮಾಡಿದ ರಸ್ತೆ. ಬಂಡೆಯಂಥ ಭುಜ ಅವಳದು. ಈಗ ಬಲಗೈ ಊದಿ ಕಂಬವಾಗಿತ್ತು. ಎದೆಯ ಮೇಲೆ ಹಳೆಯ ಸೀರೆ ತುಂಡು ಮಡಿಚಿ ತುರುಕಿಕೊಂಡಿದ್ದಳು. ಅದು ಒದ್ದೆಯಾಗಿತ್ತು.

ಒಳಗೆ ಡಾಕ್ಟರ ಸುತ್ತ ಕಲಿಯುವ ಹುಡುಗರು, ಹುಡುಗಿಯರು ನಿಂತಿದ್ದರು. ಅವರು ಇರಬಹುದಾ ಅಂತ ಅಕ್ಕನನ್ನು ಯಾರೂ ಕೇಳಲಿಲ್ಲ.

"ಬಟ್ಟೆ ತೆಗೆಯಕ್ಕೆ ಹೇಳು," ಅಂದರು ಡಾಕ್ಟರು.

"ಬಟ್ಟೆ ತೆಗಿ ಅಕ್ಕ."

ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು. ನರ್ಸು ನೀರು ಹಾಕಿ ನೆನೆಸಿ ಬಿಡಿಸಿದಳು. ಅಕ್ಕ ಎಡಗೈಯಿಂದ ಮುಖ ಮುಚ್ಚಿಕೊಂಡಳು, ಎದೆ ಮುಚ್ಚಲಿಲ್ಲ. ಹುಡುಗರಲ್ಲೊಬ್ಬ ಬಾಗಿಲ ಕಡೆ ತಿರುಗಿ ನಿಂತ. ಬೆಟ್ಟಮ್ಮ ನೋಡಿದಳು. ಇಂಥದ್ದನ್ನು ಬಹಳ ನೋಡಿದ್ದಳು. ಒಳಗೆ ಏನಾದರೂ ಆಗುತ್ತದೆ ಅಂತ ಕಾದಳು. ಏನೂ ಆಗಲಿಲ್ಲ.

"ಇದು ಕೈ ಮೀರಿದೆ. ಬೆನ್ನುಮೂಳೆಗೂ ಹೋಗಿರೋ ಹಾಗಿದೆ. ಆಪರೇಷನ್ ಮಾಡೋ ಸ್ಥಿತಿ ಅಲ್ಲ. ಬೇಗ ಬರಬೇಕಿತ್ತು ಅಂತ ಹೇಳು."

ಅವಳು ಹೇಳಿದಳು. ಕೆಟ್ಟ ಗಂಟು ಅಂದಳು. ಬೆನ್ನಿಗೂ ಹೋಗಿದೆ ಅಂದಳು. ಬೇರೆ ಯಾರಿಗೋ ಹೇಳುವ ದನಿಯಲ್ಲೇ ಹೇಳಿದಳು. ಬೇರೆ ದನಿ ಅವಳಲ್ಲಿ ಉಳಿದಿರಲಿಲ್ಲ.

"ಬೇಗ ಬರಬೇಕಿತ್ತಂತೆ ಅಕ್ಕ."

ಅಕ್ಕ ಮುಖದ ಮೇಲಿನ ಕೈ ತೆಗೆದಳು. "ಎದೆ ನೋಡೋ ಬಸ್ಸು ಬಂದಿತ್ತಲ್ಲೇ. ಹೋದ ವರ್ಷ. ಬೆಟ್ಟದ ಬುಡಕ್ಕೆ. ಅದರೊಳಗಿನ ಹುಡುಗಿ ಹಿಚುಕಿ ನೋಡಿ, ಗಂಟಿದೆ ಅಂದ್ಲು. ಚೀಟಿ ಕೊಟ್ಲು. ನಾವೇ ಕರೀತೀವಿ, ಕರೆಯೋವರೆಗೂ ಬರಬೇಡ ಅಂತ ಕೈಸನ್ನೆಲೇ ಹೇಳಿದ್ಲು. ಹೆಣ್ಣು ನೋಡಿ ಹೋದವರ ಹಂಗೆ ನೋಡ್ಕೊಂಡು ಹೋದ್ರು. ಒಪ್ಪಿಗೆ ಅಂತಾನೂ ಹೇಳ್ಕಳಿಸ್ಲಿಲ್ಲ, ಒಪ್ಪಿಗೆ ಇಲ್ಲ ಅಂತಾನೂ ಹೇಳ್ಕಳಿಸ್ಲಿಲ್ಲ."

ಬೆಟ್ಟಮ್ಮ ಅಷ್ಟನ್ನೂ ಕೆಳಗಿನ ಮಾತಿನಲ್ಲಿ ಹೇಳಿದಳು. ಹೆಣ್ಣು ನೋಡುವ ಮಾತೊಂದನ್ನು ಬಿಟ್ಟಳು.

ಡಾಕ್ಟರು ಕನ್ನಡಕ ತೆಗೆದು ಕಣ್ಣು ತಿಕ್ಕಿದರು. "ಬಸ್ಸು ನಮ್ಮದಲ್ಲ. ಬೆಟ್ಟದ ಮಹಿಳೆಯರ ಯೋಜನೆದು. ಪತ್ತೆ ಹಚ್ಚೋದು ಅವರ ಕೆಲಸ. ಚಿಕಿತ್ಸೆ ನಮ್ಮ ಕೆಲಸ. ನಡುವೆ ಕರ್ಕೊಂಡು ಬರೋ ಕೆಲಸ ಯಾರಿಗೂ ವಹಿಸಿಲ್ಲ. ಇದನ್ನೆಲ್ಲ ಅವಳಿಗೆ ಹೇಳ್ಬೇಡ."

"ಏನಂದ್ರು?" ಅಕ್ಕ ಕೇಳಿದಳು.

"ಬಸ್ಸು ಅವರದ್ದಲ್ವಂತೆ."

"ಸಾಯ್ತೀನಾ?"

"ಹೂಂ."

"ಹಂಗಾದ್ರೆ ಮನೆಗೆ ಹೋಗೋಣ. ಇಲ್ಲಿ ಸಾಯೋಕೆ ಇಷ್ಟು ದೂರ ಯಾಕೆ ಬರ್ಲಿ?"

ಆ ಮಧ್ಯಾಹ್ನ ಅಕ್ಕನಿಗೆ ವಾರ್ಡಿನಲ್ಲಿ ಒಂದು ಹಾಸಿಗೆ ಸಿಕ್ಕಿತು. ನರ್ಸು ಒಂದು ಕಂದು ಬಾಟಲಿಯಿಂದ ಮದ್ದು ಅಳೆದು ಕುಡಿಸಿದಳು. ನೋವಿಗೆ ಕೊಡುವ ಮಾರ್ಫಿನ್ ಅಂತ. ಸ್ವಲ್ಪ ಹೊತ್ತಿಗೆ ಅಕ್ಕನ ಹುಬ್ಬು ಸಡಿಲವಾಯಿತು, ಬಾಯಿ ಬಿಟ್ಟುಕೊಂಡು ನಿದ್ದೆ ಹೋದಳು. ಸೂಲಗಿತ್ತಿ ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, "ನಿದ್ದೆನೇ. ಚಳಿಗಾಲದಿಂದ ಕಣ್ಣು ಮುಚ್ಚಿರ್ಲಿಲ್ಲ ಕಣೇ ಇವಳು" ಅಂದಳು.

ಎದ್ದಾಗ ಅಕ್ಕ ಬಾಟಲಿಯ ಕಡೆ ಗಲ್ಲ ತೋರಿಸಿದಳು. "ಇದು ಮದ್ದು ಅಂದ್ರೆ. ಇದನ್ನೊಂದು ಇಸ್ಕೊ. ಹೋಗೋಣ."

ಬೆಟ್ಟಮ್ಮ ಡಾಕ್ಟರು ಕೊಟ್ಟ ಚೀಟಿ ಹಿಡಿದು ಮದ್ದಿನ ಕಿಂಡಿಗೆ ಹೋದಳು. ಕಿಂಡಿಯವನಿಗೆ ಅವಳ ಪರಿಚಯವಿತ್ತು. ಅವನ ಬಿಳಿಕೋಟನ್ನೂ ಅವಳೇ ಒಗೆಯುತ್ತಿದ್ದಳು.

"ರೋಗಿ ಎಲ್ಲಿರ್ತಾರೆ?"

"ಬೆಟ್ಟದ ಮೇಲೆ. ನಮ್ಮಕ್ಕ."

ಅವನು ಚೀಟಿ ವಾಪಸ್ ತಳ್ಳಿದ. "ಇದು ಮೇಲಕ್ಕೆ ಹೋಗೋ ಹಾಗಿಲ್ಲ."

"ಯಾಕೆ?"

"ನಿಯಮ. ದುರ್ಬಳಕೆ ಆಗೋ ಜಾಗಕ್ಕೆ ಕೊಡೋ ಹಾಗಿಲ್ಲ. ನಿಮ್ಮ ಕಡೆಯವರು ಕುಡೀತಾರೆ, ಮಾರ್ಕೊತಾರೆ. ನಾನು ಮಾಡಿದ್ದಲ್ಲಮ್ಮ ಇದು. ನಿಮ್ಮಕ್ಕನ್ನ ಪಟ್ಟಣದಲ್ಲೇ ಇಟ್ಕೊ, ವಾರ ವಾರ ಅವರೇ ಬಂದು ತಗೊಂಡು ಹೋಗ್ಲಿ."

ಪಟ್ಟಣದಲ್ಲಿ ಅವಳಿಗಿದ್ದದ್ದು ತಗಡಿನ ಶೆಡ್ಡಿನಲ್ಲಿ ಒಂದು ಮಂಚ. ಅದರ ಮೇಲಿನ ಅಂತಸ್ತಿನಲ್ಲಿ ಇನ್ನೊಬ್ಬಳು. ಶೆಡ್ಡಿನ ಒಡತಿ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಉಳಿದವರು ಬಿಟ್ಟು ಹೋಗ್ತಾರೆ." ಆಸ್ಪತ್ರೆಯ ಹಿಂದೆ ರೋಗಿಗಳ ವಸತಿಗೃಹವಿತ್ತು. ಅಲ್ಲಿಯ ಗುಮಾಸ್ತ ಮೃದುವಾಗಿಯೇ ಮಾತಾಡಿದ. ಚಿಕಿತ್ಸೆ ನಡೆಯುತ್ತಿರುವವರಿಗೆ ಮಾತ್ರ ಕೋಣೆ ಅಂದ. ಅಕ್ಕನಿಗೆ ಚಿಕಿತ್ಸೆ ನಡೆಯುತ್ತಿಲ್ಲ, ಯಾಕೆಂದರೆ ಮಾಡುವ ಚಿಕಿತ್ಸೆ ಉಳಿದಿಲ್ಲ. ಅದೇ ಕಾರಣಕ್ಕೆ ಮರುದಿನ ವಾರ್ಡಿನ ಹಾಸಿಗೆಯೂ ಹೋಯಿತು. ಹಾಸಿಗೆಯ ಜೊತೆ ಮದ್ದೂ ಹೋಯಿತು.

ಬೆಟ್ಟಮ್ಮ ಅಕ್ಕನನ್ನು ನೆಲಮಾಳಿಗೆಗೆ ಇಳಿಸಿದಳು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹರಿದ ಚಾದರಗಳನ್ನು ಹಾಸಿ ಮಲಗಿಸಿದಳು. ಸೂಲಗಿತ್ತಿ ಅಲ್ಲೇ ಪಕ್ಕದಲ್ಲಿ ಕೂತಳು. ಮೇಸ್ತ್ರಿ ನೋಡಿದ, ನೋಡದವನಂತೆ ಹೋದ. ಅಷ್ಟು ಅವನಿಂದಾಯಿತು. ಮದ್ದಿನ ಬಲ ಇಳಿದ ಮೇಲೆ ಅಕ್ಕ ನರಳಲು ಶುರು ಮಾಡಿದಳು. ಮಷೀನುಗಳು ತಿರುಗುವಾಗ ಕೇಳಿಸುತ್ತಿರಲಿಲ್ಲ. ನಿಂತಾಗ ಕೇಳಿಸುತ್ತಿತ್ತು. ಬೆಟ್ಟಮ್ಮ ಮಷೀನು ನಿಲ್ಲಲು ಬಿಡುತ್ತಿರಲಿಲ್ಲ. ಒಂದು ತೆಗೆದ ಕೂಡಲೇ ಇನ್ನೊಂದು ತುಂಬುತ್ತಿದ್ದಳು. ಒಗೆದದ್ದನ್ನೂ ಮತ್ತೆ ಒಗೆದಳು.

ಬೆಟ್ಟದ ಮಹಿಳೆಯರ ಯೋಜನೆಯ ಮೇಡಂ ಬಂದದ್ದು ಆ ವಾರವೇ. ಯೋಜನೆ ಮುಂದುವರಿಯಬೇಕಾದರೆ ದುಡ್ಡು ಕೊಡುವ ದೊಡ್ಡವರಿಗೆ ಒಂದು ಚಿತ್ರ ತೋರಿಸಬೇಕಂತೆ. ಬಸ್ಸು ಪತ್ತೆ ಹಚ್ಚಿದ ಹೆಂಗಸೊಬ್ಬಳು ಬೇಕು. ಹುಡುಕಿದಾಗ ಸಿಕ್ಕವಳು ಅಕ್ಕ. ಮೇಡಂ ತಾವೇ ಲಾಂಡ್ರಿಗೆ ಇಳಿದು ಬಂದರು. ಒಳ್ಳೆಯ ಹೆಂಗಸು. ಮೆಟ್ಟಿಲ ಸಂದಿಯಲ್ಲಿ ಮಲಗಿದ್ದವಳನ್ನು ಕಂಡು ಅವರ ಕಣ್ಣು ತುಂಬಿತು.

"ಛೆ, ಇಲ್ಲಾ ಇಟ್ಟಿರೋದು? ಮೇಲೆ ಕರ್ಕೊಂಡು ಬನ್ನಿ. ಅವರ ದನಿ ಎಲ್ಲರಿಗೂ ಕೇಳಿಸ್ಬೇಕು. ನಮ್ಮ ಉದ್ದೇಶವೇ ಅದು."

ನರ್ಸು ಬಂದು ಅಕ್ಕನ ತಲೆ ಬಾಚಿದಳು. ಹುಣ್ಣಿಗೆ ಹೊಸ ಬಟ್ಟೆ ಕಟ್ಟಿದಳು. ಮೇಡಂ ತಂದಿದ್ದ ಕೆಂಪು ಶಾಲು ಹೊದಿಸಿದರು. ಅಕ್ಕನಿಗೆ ಕೂರಲಾಗುತ್ತಿರಲಿಲ್ಲ. ಕ್ಯಾಮೆರಾದವನು ಹೀಗಿದ್ದರೆ ಆಗಲ್ಲ ಅಂದ. ಆಗ ಕಂದು ಬಾಟಲಿ ಬಂತು. ಯಾರೂ ಚೀಟಿ ಕೇಳಲಿಲ್ಲ, ಊರು ಯಾವುದು ಅಂತಲೂ ಕೇಳಲಿಲ್ಲ. ನರ್ಸು ಅಳೆದು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅಕ್ಕ ನೆಟ್ಟಗೆ ಕೂತಳು.

"ಕಂಡ್ಯಾ," ಅಂದಳು ತಂಗಿಗೆ. "ನನಗೆ ಕೊಡಲ್ಲ. ಕ್ಯಾಮೆರಾಕ್ಕೆ ಕೊಡ್ತಾರೆ."

ಹೊರರೋಗಿಗಳು ಕಾಯುವ ದೊಡ್ಡ ಹಜಾರದಲ್ಲಿ ದೀಪ ಹಚ್ಚಿ ನಿಲ್ಲಿಸಿದ್ದರು. ಅಕ್ಕ ಗಾಲಿಕುರ್ಚಿಯಲ್ಲಿ. ಬೆಟ್ಟಮ್ಮ ಪಕ್ಕದಲ್ಲಿ, ಚಿತ್ರದಲ್ಲಿ ಬೀಳದಷ್ಟು ದೂರ. ಬೆಂಚುಗಳ ಮೇಲೆ ಆ ದಿನ ಬಂದಿದ್ದ ಬೆಟ್ಟದ ಹೆಂಗಸರು ಕೂತಿದ್ದರು, ಅವರ ನಡುವೆ ಸೂಲಗಿತ್ತಿ.

"ಕೇಳಮ್ಮ," ಮೇಡಂ ಅಂದರು. "ಬಸ್ಸು ಊರಿಗೆ ಬಂದಾಗ ಅವರಿಗೆ ಏನನ್ನಿಸ್ತು ಅಂತ ಕೇಳು."

ಬೆಟ್ಟಮ್ಮ ಕೇಳಿದಳು.

"ಮದ್ದು ಕೊಡ್ತಾರಾ ಕೇಳು," ಅಂದಳು ಅಕ್ಕ.

"ಮದ್ದು ಕೊಡ್ತೀರಾ ಅಂತ ಕೇಳ್ತಿದಾಳೆ."

"ಕೊಡ್ತಾರೆ, ಕೊಡ್ತಾರೆ. ಅದು ಆಮೇಲೆ. ಬಸ್ಸಿನ ಬಗ್ಗೆ ಕೇಳು."

"ಬಸ್ಸಿನ ಬಗ್ಗೆ ಹೇಳ್ಬೇಕಂತೆ ಅಕ್ಕ."

"ಮದ್ದು ಮನೆಗೆ ಕೊಡ್ತಾರಾ ಕೇಳು. ಇಲ್ಲಿ ಅಲ್ಲ. ಮನೆಗೆ."

"ಮನೆಗೆ ಕೊಡ್ತೀರಾ ಅಂತ."

ಮೇಡಂ ಕ್ಯಾಮೆರಾದವನ ಮುಖ ನೋಡಿದರು. ಅವನು ಭುಜ ಕುಣಿಸಿದ. ಮೇಡಂ ಬೆಟ್ಟಮ್ಮನ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಮ್ಮ, ನೀನು ಬುದ್ಧಿವಂತೆ. ಅವರು ಏನಾದ್ರೂ ಮಾತಾಡ್ಲಿ, ತೊಂದರೆ ಇಲ್ಲ. ಬಸ್ಸು ಬಂದಿದ್ದಕ್ಕೆ ಖುಷಿಯಾಯ್ತು ಅಂದ್ರು ಅಂತ ನೀನು ಹೇಳ್ಬಿಡು. ನಿನ್ನ ದನಿ ಹಾಕೊಳ್ತೀವಿ. ಯೋಜನೆ ಉಳಿದ್ರೆ ನಿಮ್ಮವರಿಗೇ ಒಳ್ಳೇದಲ್ವಾ?"

ಬೆಟ್ಟಮ್ಮ ಅಕ್ಕನ ಕಡೆ ನೋಡಿದಳು. ಕೋಪ ಬಂದಿರಲಿಲ್ಲ. ಅವಳಿಗೆ ಕೋಪ ಬಂದು ಬಹಳ ಕಾಲವಾಗಿತ್ತು. ಬಾಯಿ ತೆರೆದಳು. ಆ ಮಾತು ಬರಲಿಲ್ಲ. ಮತ್ತೆ ತೆರೆದಳು. ಕೆಳಗಿನ ಮಾತೇ ಬಾಯಿಗೆ ಬರಲಿಲ್ಲ.

"ಹೇಳಲ್ಲ," ಅಂದಳು. ಅಂದದ್ದು ಬೆಟ್ಟದ ಮಾತಿನಲ್ಲಿ.

"ಏನಂದೆ?"

"ಹೇಳಲ್ಲ ಅಂದೆ. ನಾನು ಬಟ್ಟೆ ಒಗೆಯೋಳು. ನಿಮ್ಮ ಬಾಯಿ ನಾನಲ್ಲ."

ಅದೂ ಬೆಟ್ಟದ ಮಾತೇ. ಮೇಡಂ ಡಾಕ್ಟರ ಕಡೆ ನೋಡಿದರು, ಡಾಕ್ಟರು ನರ್ಸಿನ ಕಡೆ. ಯಾರಿಗೂ ಗೊತ್ತಾಗಲಿಲ್ಲ. ಬೆಂಚಿನ ಮೇಲೆ ಸೂಲಗಿತ್ತಿ ಕಿಸಕ್ಕನೆ ನಕ್ಕಳು. ಪಕ್ಕದವಳೂ ನಕ್ಕಳು. ಅಕ್ಕ ಕೆಂಪು ಶಾಲಿನೊಳಗೆ ಅಲುಗಾಡುತ್ತಾ ನಕ್ಕಳು. ಅಷ್ಟು ದೊಡ್ಡ ಹಜಾರದಲ್ಲಿ ಏನು ನಡೆಯಿತೆಂದು ತಿಳಿದವರು ಬೆಟ್ಟದ ಹೆಂಗಸರು ಮಾತ್ರ.

"ಬೆಟ್ಟಮ್ಮ, ನಾಟಕ ಆಡ್ಬೇಡ," ಡಾಕ್ಟರು ಅಂದರು. "ಜನ ಕಾಯ್ತಿದಾರೆ. ಇದು ಬೇಡ ಅಂದ್ರೆ ಬಿಡು, ಒಳಗೆ ಬಾ, ಮುಂದಿನವರನ್ನ ನೋಡೋಣ."

ಅವಳು ಹೋಗಲಿಲ್ಲ. ಹತ್ತಿರದಲ್ಲಿ ರೋಗಿಗಳಿಗೆಂದು ಇಟ್ಟಿದ್ದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ಕೂತಳು. ಇಷ್ಟು ವರ್ಷಗಳಲ್ಲಿ ಆ ಹಜಾರದಲ್ಲಿ ಅವಳು ಕೂತದ್ದು ಅದೇ ಮೊದಲು.

ಮೇಸ್ತ್ರಿಗೆ ಹೇಳಿ ಕಳಿಸಿದರು. ಅವನು ಏದುಸಿರು ಬಿಡುತ್ತಾ ಬಂದ. "ಏಳೇ, ತಲೆಗಿಲೆ ಕೆಟ್ಟಿದ್ಯಾ? ನನ್ನ ಹೊಟ್ಟೆ ಮೇಲೂ ಹೊಡೀತೀಯಾ?" ಕಾವಲಿನವನು ತೋಳು ಹಿಡಿದು ಎಳೆದ. ಅವಳು ಕುರ್ಚಿಯ ಕಾಲಿಗೆ ಕಾಲು ಸುತ್ತಿಕೊಂಡಳು. ಕುರ್ಚಿಯ ಸಮೇತ ಸ್ವಲ್ಪ ದೂರ ಜರುಗಿದಳು. ರವಿಕೆಯ ತೋಳು ಹರಿಯಿತು. ಬೆಂಚಿನಿಂದ ಸೂಲಗಿತ್ತಿ ಎದ್ದು ಬಂದಳು. ನಿಧಾನವಾಗಿ, ಹೊಟ್ಟೆಯ ಮೇಲೆ ಕೈ ಒತ್ತಿಕೊಂಡು.

"ಬಿಡೋ ಅವಳನ್ನ," ಅಂದಳು. ಅವನಿಗೆ ತಿಳಿಯದ ಮಾತು, ಆದರೂ ಬಿಟ್ಟ. ಸೂಲಗಿತ್ತಿ ಹೆಂಗಸರ ಕಡೆ ತಿರುಗಿದಳು. "ಬನ್ರೇ, ನಾವೂ ಕೂತ್ಕೊಳ್ಳೋಣ. ಕರೆದ್ರೆ ಯಾರೂ ಏಳ್ಬೇಡಿ. ಮದ್ದು ಮೇಲಕ್ಕೆ ಬರ್ಲಿ, ಆಮೇಲೆ ಎದೆ ತೋರಿಸೋಣ."

ಅವರು ಡಾಕ್ಟರ ಕೋಣೆಯ ಬಾಗಿಲಿಗೆ ಅಡ್ಡವಾಗಿ, ಹೊಳೆಯುವ ನೆಲದ ಮೇಲೆ ಕೂತರು. ಒಬ್ಬಳ ಎದೆಯ ಬಟ್ಟೆ ಒದ್ದೆಯಾಗಿತ್ತು. ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳು, ಕಾಯಿಲೆಯಿಲ್ಲದ ಕಡೆಯ ಮೊಲೆಯಿಂದ. ಘೋಷಣೆ ಕೂಗಲಿಲ್ಲ. ಅವರಿಗೆ ಅದೆಲ್ಲ ಗೊತ್ತಿರಲಿಲ್ಲ. ಸುಮ್ಮನೆ ಕೂತರು. ಪಟ್ಟಣದ ರೋಗಿಗಳು ಮೊದಲು ಗೊಣಗಿದರು, ಆಮೇಲೆ ಬೈದರು. ಗಂಟಲಿಗೆ ಬಟ್ಟೆ ಸುತ್ತಿಕೊಂಡಿದ್ದ ಮುದುಕನೊಬ್ಬ ಮಾತ್ರ ತನ್ನ ನೀರಿನ ಬಾಟಲಿಯನ್ನು ಅವರ ಕಡೆ ಉರುಳಿಸಿದ. ಕ್ಯಾಮೆರಾದವನು ದೀಪ ಆರಿಸಿ, ತಂತಿ ಸುತ್ತಿಕೊಂಡು ಹೊರಟ. ಮೇಡಂ ಶಾಲನ್ನು ವಾಪಸ್ ಕೇಳಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಡಾಕ್ಟರೇ ಹೊರಗೆ ಬಂದರು. ಕೈಯಲ್ಲಿ ಕಂದು ಬಾಟಲಿ, ದೊಡ್ಡದು. ಬೆಟ್ಟಮ್ಮನ ಮುಂದೆ ಹಿಡಿದರು.

"ಇದೊಂದು ಸಲ. ನನ್ನ ಜವಾಬ್ದಾರಿ ಮೇಲೆ ಕೊಡ್ತಿದೀನಿ. ನಿಮ್ಮಕ್ಕನಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಉಳಿದದ್ದು ಬೆಟ್ಟದ ಬುಡದ ಆರೋಗ್ಯ ಕೇಂದ್ರಕ್ಕೆ ವಾಪಸ್ ಬರಬೇಕು. ಅರ್ಥ ಆಯ್ತಾ?"

ಅವಳಿಗೆ ಕೆಳಗಿನ ಮಾತು ಮರಳಿ ಬಂದಿತ್ತು. "ಇವರಿಗೆಲ್ಲ?"

"ನಿಯಮ ಬದಲಾಗಿಲ್ಲ. ಬದಲಾಯಿಸೋನು ನಾನಲ್ಲ."

ಅವಳು ಹೆಂಗಸರ ಕಡೆ ನೋಡಿದಳು. ಬೇಡ ಅನ್ನಬೇಕಿತ್ತೇನೋ. ಎಲ್ಲರಿಗೂ ಕೊಡಿ, ಇಲ್ಲದಿದ್ದರೆ ಇದೂ ಬೇಡ ಅನ್ನಬೇಕಿತ್ತೇನೋ. ಗಾಲಿಕುರ್ಚಿಯಲ್ಲಿ ಅಕ್ಕ ಮತ್ತೆ ಮುದುಡಿಕೊಳ್ಳಲು ಶುರು ಮಾಡಿದ್ದಳು. ಹಲ್ಲು ಕಚ್ಚಿದ ಸದ್ದು ಕೇಳಿಸುತ್ತಿತ್ತು.

ಬೆಟ್ಟಮ್ಮ ಕೈ ನೀಡಿ ಬಾಟಲಿ ತೆಗೆದುಕೊಂಡಳು. ನೆಲದ ಮೇಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಗೆದ್ದೆ ಅನ್ನಿಸಲಿಲ್ಲ. ಬಾಟಲಿ ತಣ್ಣಗಿತ್ತು, ಅಷ್ಟೇ.

ನೆಲಮಾಳಿಗೆಯಲ್ಲಿ ಮೇಸ್ತ್ರಿ ಅವಳ ಕೊರಳಿನ ಗುರುತಿನ ಚೀಟಿ ಬಿಚ್ಚಿಸಿಕೊಂಡ. "ನಾಳೆಯಿಂದ ಬರಬೇಡ. ಮೇಲಿನಿಂದ ಹೇಳಿದಾರೆ." ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಅವಳು ಹರಿದ ಚಾದರಗಳನ್ನು ಮಡಿಚಿ ಬುಟ್ಟಿಗೆ ಹಾಕಿ, ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಅದಿರು ಸುರಿದು ಬರಿದಾದ ಲಾರಿ ಮೇಲಕ್ಕೆ ಹೊರಟಿತ್ತು. ಚಾಲಕ ಹಿಂದೆ ಹತ್ತಿಸಿಕೊಂಡ. ಕಬ್ಬಿಣದ ಹಾಸಿನ ಮೇಲೆ ಕೆಂಪು ಧೂಳು. ಅಕ್ಕ ಮದ್ದು ಕುಡಿದು ತಂಗಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ರಸ್ತೆ ಕುಲುಕಿದಾಗಲೆಲ್ಲ ಸೂಲಗಿತ್ತಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಒಂದು ತಿರುವಿನಲ್ಲಿ ಬಾಯಿಗೆ ಸೆರಗು ತುರುಕಿಕೊಂಡಳು.

"ಏನಾಗ್ತಿದೆ ದೊಡ್ಡಮ್ಮ?"

"ಏನಿಲ್ಲ."

"ದೊಡ್ಡಮ್ಮ."

ಸೂಲಗಿತ್ತಿ ಸೆರಗು ತೆಗೆದಳು. "ಕೆಳಗಡೆ ರಕ್ತ ಹೋಗುತ್ತೆ. ಮುಟ್ಟು ನಿಂತು ಎಷ್ಟೋ ಕಾಲ ಆದ್ಮೇಲೆ ಶುರುವಾಯ್ತು. ನಾನೇ ಕೈ ಹಾಕಿ ನೋಡ್ಕೊಂಡೆ. ಒಳಗೆ ಹೂಕೋಸಿನ ಹಂಗೆ ಬೆಳೆದಿದೆ. ಎಷ್ಟು ಹೆಂಗಸರನ್ನ ನೋಡಿಲ್ಲ ನಾನು? ನನಗೆ ಗೊತ್ತಾಗಲ್ವಾ?"

"ಬಸ್ಸು ಬಂದಾಗ ಹೇಳ್ಬಾರದಿತ್ತಾ?"

"ಹೇಳ್ದೆ. ಕೈಸನ್ನೆ ಮಾಡಿ ತೋರಿಸ್ದೆ. ಆ ಹುಡುಗಿ ನಾಚಿಕೊಂಡ್ಲು ಪಾಪ. ಈ ಬಸ್ಸು ಎದೆಗೆ ಮಾತ್ರ ಅಂತ ಎದೆ ತೋರಿಸಿದ್ಲು. ಸೊಂಟದ ಕೆಳಗಿಂದು ನಮ್ಮ ಪಾಲಿಗೆ ಇಲ್ವಂತೆ."

"ಆಸ್ಪತ್ರೆಲಿ ಇಷ್ಟು ದಿನ ಇದ್ಯಲ್ಲ. ಅಲ್ಲಾದ್ರೂ ಹೇಳಬಹುದಿತ್ತು."

"ನಿಮ್ಮಕ್ಕಂದು ಮುಗೀಲಿ ಅಂತಿದ್ದೆ. ಇವತ್ತು ಹೇಳೋಣ ಅಂತ್ಲೇ ಬೆಂಚಿನ ಮೇಲೆ ಕೂತಿದ್ದು." ಸೂಲಗಿತ್ತಿ ಕಣ್ಣು ಮುಚ್ಚಿಕೊಂಡಳು. "ಯಾರ ಬಾಯಲ್ಲಿ ಹೇಳ್ಲಿ? ನೀನು ಬಾಯಿ ಮುಚ್ಚಿದ್ದೆಯಲ್ಲ."

ಬೆಟ್ಟಮ್ಮ ಅಕ್ಕನ ಮೈಮೇಲಿನ ಶಾಲು ಸರಿಮಾಡಿದಳು. ಲಾರಿ ಏರುತ್ತಿತ್ತು.

"ಬೇಜಾರು ಮಾಡ್ಕೋಬೇಡ ಕಣೇ," ಅಂದಳು ಸೂಲಗಿತ್ತಿ ಸ್ವಲ್ಪ ಹೊತ್ತಿನ ಮೇಲೆ. "ಕೂತ್ಕೊಳ್ಳೋಣ ಅಂದವಳು ನಾನೇ. ಕೂತಿದ್ದು ಚೆನ್ನಾಗಿತ್ತು."

ಅಕ್ಕ ಮನೆಯಲ್ಲಿ ಸ್ವಲ್ಪ ದಿನ ಬದುಕಿದಳು. ಬಾಗಿಲ ಹತ್ತಿರ ಹಾಸಿಗೆ ಹಾಸಿಸಿಕೊಂಡಳು. ಮದ್ದು ಕುಡಿದ ಮೇಲೆ ಹಗುರಾಗಿ ಮಾತಾಡುತ್ತಿದ್ದಳು. ಹೋಗಿ ಬರುವವರಿಗೆಲ್ಲ ಕೆಂಪು ಶಾಲು ತೋರಿಸಿ, "ಸಿನಿಮಾದವರು ಕೊಟ್ಟಿದ್ದು" ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಬೆಟ್ಟಮ್ಮ ಅಂಗಳದಲ್ಲಿ ಕೂತು ಅಕ್ಕನ ಹುಣ್ಣಿನ ಬಟ್ಟೆ ತಿಕ್ಕುತ್ತಿದ್ದಾಗ ಒಳಗೆ ಉಸಿರಿನ ಸದ್ದು ನಿಂತಿತು. ಅವಳಿಗೆ ಗೊತ್ತಾಯಿತು. ಕೈಯಲ್ಲಿದ್ದ ಬಟ್ಟೆ ತಿಕ್ಕಿ ಮುಗಿಸಿದಳು. ಹಿಂಡಿದಳು. ಕೊಡವಿ ಹಗ್ಗದ ಮೇಲೆ ಹಾಕಿದಳು. ಆಮೇಲೆ ಒಳಗೆ ಹೋಗಿ ಅಕ್ಕನ ಬಾಯಿ ಮುಚ್ಚಿದಳು.

ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಅಕ್ಕನನ್ನು ಮಣ್ಣು ಮಾಡಿ ಬಂದ ಸಂಜೆ ಸೂಲಗಿತ್ತಿಯ ಮನೆ ದಾಟಿ ಬರಬೇಕಿತ್ತು. ಒಳಗಿನಿಂದ ಸದ್ದು ಬರುತ್ತಿತ್ತು. ಹೆರಿಗೆ ಬೇನೆಯಲ್ಲಿರುವ ಹೆಂಗಸಿನ ಸದ್ದಿನಂತೆ. ಎಷ್ಟೋ ಹೆಂಗಸರ ಬೇನೆಗೆ ಪಕ್ಕದಲ್ಲಿ ಕೂತವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಬೆಟ್ಟಮ್ಮ ಮನೆಗೆ ಹೋದಳು. ಬಾಟಲಿ ತೆಗೆದಳು. ವಾಪಸ್ ಬಂದಳು. ನರ್ಸು ತೋರಿಸಿಕೊಟ್ಟಿದ್ದ ಅಳತೆಯಲ್ಲೇ ಅಳೆದಳು.

"ಇದು ನಿಮ್ಮಕ್ಕಂದಲ್ವಾ?" ಅಂದಳು ಸೂಲಗಿತ್ತಿ.

"ಕುಡಿ."

ಕುಡಿದು ಸ್ವಲ್ಪ ಹೊತ್ತಿಗೆ ಸೂಲಗಿತ್ತಿ ಮುಷ್ಟಿ ಬಿಚ್ಚಿದಳು. ಆ ಮೇಲೆ ಬೆಟ್ಟಮ್ಮ ತನ್ನ ಮನೆಗೆ ಹೋಗಲೇ ಇಲ್ಲ. ಅಲ್ಲೇ ಉಳಿದಳು. ರಕ್ತದ ಬಟ್ಟೆ ತಣ್ಣೀರಲ್ಲಿ ನೆನೆಸುವುದು, ತಿಕ್ಕುವುದು, ಒಣಗಿಸುವುದು. ಹೊತ್ತು ಹೊತ್ತಿಗೆ ಮದ್ದು ಕುಡಿಸುವುದು.

ಬೆಟ್ಟದ ಬುಡದ ಆರೋಗ್ಯ ಕೇಂದ್ರದವನು ಒಂದು ಬೆಳಿಗ್ಗೆ ಬೆವರು ಒರೆಸಿಕೊಳ್ಳುತ್ತಾ ಹತ್ತಿ ಬಂದ. ಅವಳು ಸೂಲಗಿತ್ತಿಯ ಅಂಗಳದಲ್ಲಿ ನೀರು ಕಾಯಿಸುತ್ತಿದ್ದಳು.

"ನಿಮ್ಮಕ್ಕ ತೀರಿಕೊಂಡ್ರಂತೆ. ಗೊತ್ತಾಯ್ತು." ಅವನು ಉಸಿರು ತೆಗೆದುಕೊಂಡ. "ಆ ಬಾಟ್ಲಿ ವಾಪಸ್ ತಗೊಂಡು ಹೋಗ್ಬೇಕು. ಡಾಕ್ಟರು ಹೇಳ್ಕಳಿಸಿದಾರೆ."

"ಕೊಡಲ್ಲ."

"ಕೊಡಲ್ಲ ಅಂದ್ರೆ? ಖಾಲಿ ಆಗಿದ್ಯಾ?"

"ಇನ್ನೂ ಇದೆ. ಒಳಗೊಬ್ಬರು ಕುಡೀತಿದಾರೆ."

ಅವನು ಬಾಗಿಲಿನಿಂದ ಇಣುಕಿದ. ಚಾಪೆಯ ಮೇಲೆ ಸೂಲಗಿತ್ತಿ ಮಲಗಿದ್ದಳು, ಮಗ್ಗುಲಾಗಿ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು. ಕೋಣೆಯ ನಾತಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಅವರ ಹೆಸರಿಗೆ ಕೊಟ್ಟಿಲ್ಲ ಅದು. ಅಪರಾಧ ಆಗುತ್ತೆ ಕಣಮ್ಮ. ನಾನೇ ಸುಮ್ಮನಿದ್ರೂ ಮೇಲಿನವರು ಸುಮ್ಮನಿರಲ್ಲ. ಪೊಲೀಸ್ ಕರ್ಕೊಂಡು ಬರ್ಬೇಕಾಗುತ್ತೆ."

ಬೆಟ್ಟಮ್ಮ ಒಲೆಯ ಮೇಲಿನ ಪಾತ್ರೆ ಇಳಿಸಿದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಅವನ ಮಾತಿನಲ್ಲೇ, ಅವನಿಗೆ ಚೆನ್ನಾಗಿ ಅರ್ಥವಾಗುವ ಹಾಗೆ ಹೇಳಿದಳು.

"ಕರ್ಕೊಂಡು ಬನ್ನಿ. ಬರೋವಾಗ ಇನ್ನೊಂದು ಬಾಟ್ಲಿ ತನ್ನಿ. ಇದು ಮುಗೀತಾ ಬಂತು."